ಮಿದುಳು ಓದಿದ ಮಾಣಿಗೆ ಹೆಣ್ಣು ನೋಡಿದ್ದು

ಶಿರಸಿಯ ನಮ್ಮ ಕೇರಿಯಲ್ಲಿ ಎದೆ ಧಸಕ್ಕೆನ್ನುವಂಥದ್ದು ನಡೆಯುತ್ತಲೇ ಇರುತ್ತದೆ. ನಾನೇನು ಹುಡುಕಿಕೊಂಡು ಹೋಗುವವಳಲ್ಲ. ಜಗುಲಿಯಲ್ಲಿ ಕೂತರೆ ಸಾಕು, ಅದಾಗಿಯೇ ಬರುತ್ತದೆ. ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದ ಹೊಸತು. ಪಕ್ಕದ ಮನೆಯ ಮಾಣಿ ಓದು ಮುಗಿಸಿ, ಕೆಲಸವನ್ನೂ ಹಿಡಿದು, ಮುಂಬಯಿಯಿಂದ ರಜೆಗೆ ಬಂದಿದ್ದ.

ಚಾವೋ ಕಷಾಯವೋ

"ಮಗ ಎಂತ ಓದಿದ್ದನೇ?" ಎಂದು ಅವನ ಆಯಿಯನ್ನು ಕೇಳಿದೆ.

"ಮನುಷ್ಯನ ಮಿದುಳು. ಎರಡು ದಾರಿ ಇದ್ರೆ ಯಾವ್ದು ಹಿಡಿಯವು ಹೇಳಿ ಅದು ಹ್ಯಾಂಗೆ ನಿರ್ಧಾರ ಮಾಡ್ತು, ಅದ್ನ ನೋಡದು ಇವನ ಕೆಲಸ."

ಅಬ್ಬಾ ಅಂದುಕೊಂಡೆ. ಅವಳು ಒಳಗೆ ಕೂಗಿದಳು, "ತಮಾ, ಚಾ ಬೇಕಾ, ಕಷಾಯ ಬೇಕಾ?"

"ಯೋಚ್ನೆ ಮಾಡಿ ಹೇಳ್ತೆ ಆಯಿ."

ನಾನು ಎರಡನ್ನೂ ಕುಡಿದು ಮನೆಗೆ ಬಂದೆ. ಅವನಿನ್ನೂ ಯೋಚಿಸುತ್ತಿದ್ದ. ಇಂಥವನು, ಮದುವೆಗೆಂದು ನೋಡಿಟ್ಟ ಯಲ್ಲಾಪುರದ ಕೂಸು (ನಮ್ಮಲ್ಲಿ ಹುಡುಗಿಗೆ ಹಾಗೆನ್ನುವುದು) ಒಪ್ಪಿಗೆಯೋ ಅಲ್ಲವೋ ಎಂದು ರಜೆ ಮುಗಿಯುವುದರೊಳಗೆ ಹೇಳಬೇಕಿತ್ತು! ಆಯಿಗೆ ಅನ್ನ ಸೇರುತ್ತಿರಲಿಲ್ಲ.

ಭರಣಿ

ಸಾಲೆ ಸಾಲೆಗೆ ಹೋಗಿ ವಿಜ್ಞಾನ ಹೇಳುವ ಹುಚ್ಚು ಬೇರೆ ಅವನಿಗೆ. ಕೂಸಿನ ಕಡೆಯವರು ಊಟಕ್ಕೆ ಬಂದರು. ನಾನು ಪಲ್ಯ ಬಡಿಸುತ್ತಿದ್ದೆ. ಆಯಿ ಉಪ್ಪಿನಕಾಯಿ ಭರಣಿಗೆ ಸೌಟು ಹಾಕಿದಳು.

"ಆಯಿ, ಮುಟ್ಟಡ! ಅದು ಸಾಲೆ ಮಕ್ಕೊಗೆ ತೋರ್ಸದು. ಕುರಿ ಮಿದುಳು!"

ಶಿವ ಶಿವಾ! ಈರುಳ್ಳಿಯೂ ಹೊಸ್ತಿಲು ದಾಟದ ಅಡುಗೆಮನೆ ಅದು. ಕೂಸಿನ ಅಪ್ಪ ಎಲೆ ಬಿಟ್ಟೆದ್ದ. ಆಯಿ ಕಂಬಕ್ಕೊರಗಿ ಕಣ್ಣು ಮುಚ್ಚಿದಳು. ಕೂಸು ಮಾತ್ರ ಕುತ್ತಿಗೆ ಉದ್ದ ಮಾಡಿ ಭರಣಿಯೊಳಗೆ ಇಣುಕಿತು. ನೀರು ಚಿಮುಕಿಸಿದ ಮೇಲೆ ಆಯಿ ಬಾಯಿಬಿಟ್ಟಳು:

"ಪಾಪೀ, ಅದ್ರಲ್ಲಿದ್ದ ಅಪ್ಪೆಮಿಡಿ ಎಂತ ಮಾಡಿದ್ಯೋ?"

ಪ್ರಸಾದ

"ದೇವರ ಪ್ರಸಾದ ಆಗ್ದೇ ಮುಂದಿನ ಮಾತಿಲ್ಲೆ" ಎಂದ ಕೂಸಿನ ಅಪ್ಪ. ದೇವರಿಗೇರಿಸಿದ ಹೂವು ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. "ಹೂವಿನ ಹತ್ರ ಕೇಳದಲ್ಲ, ತಲೆ ಓಡಿಸಿ" ಎಂದು ಸಾಲೆಯಲ್ಲಿ ಬೆಳಿಗ್ಗೆಯಷ್ಟೇ ಭಾಷಣ ಹೊಡೆದವನು, ಆಯಿಯ ಕಣ್ಣೀರಿಗೆ ಸೋತು ದೇವಸ್ಥಾನಕ್ಕೆ ಬಂದ.

ಹೂವು ಎಡಕ್ಕೆ ಬಿತ್ತು. ಕೂಸಿನ ಅಪ್ಪ ಕೊಡೆ ಎತ್ತಿಕೊಂಡ.

"ಭಟ್ಟರೇ, ಇನ್ನೊಂದ್ಸಲ ಕೇಳಿ! ಅದು ಗಾಳಿಗೆ ಬಿದ್ದದ್ದು!"

ಯಾರು ಅಂತೀರಿ? ಈ ಮಾಣಿಯೇ!

"ಗರ್ಭಗುಡಿಯೊಳಗೆ ಎಂತಾ ಗಾಳಿನೋ ಮಾರಾಯಾ?" ಎನ್ನುತ್ತಲೇ ಭಟ್ಟರು ಮತ್ತೆ ಕೇಳಿದರು. ಮತ್ತೆ ಎಡಕ್ಕೇ!

"ಎತ್ಲಾಗಾದ್ರೂ ಬೀಳ್ಲಿ! ಎಂಗೆ ಈ ಕೂಸೇ ಆಗವು!"

ದೇವರೆದುರಿಗೇ! ನನ್ನ ಕೈಯ ತೀರ್ಥ ಚೆಲ್ಲಿಹೋಯಿತು. ಎಲ್ಲರೂ ಕೂಸಿನ ಮುಖ ನೋಡಿದರು. ಅದು ಸೆರಗು ಸರಿಮಾಡಿಕೊಂಡು ಮೆಲ್ಲಗೆ ಹೇಳಿತು:

"ಎಂಗೂ ಅಡ್ಡಿಲ್ಲೆ. ಉಪ್ಪಿನಕಾಯಿ ಭರಣಿ ಮಾತ್ರ ಅಪ್ಪನ ಮನೆಯಿಂದ್ಲೇ ತರ್ತೆ."