ಗಿರಿಜೆಯ ಮಂಡಿಗೊಂದು ಈಜುಕೊಳ

ನನ್ನ ಹೆಂಡತಿ ಗಿರಿಜೆ ಮಂಡಿನೋವಿನಿಂದ ಮೆಟ್ಟಿಲು ಕಂಡರೆ ಮುಖ ತಿರುಗಿಸುವ ಸ್ಥಿತಿಗೆ ಬಂದಾಗ ಡಾಕ್ಟರು ಒಂದು ಸಲಹೆ ಕೊಟ್ಟರು. ದಿನಾ ಎದೆಮಟ್ಟದ ನೀರಿನಲ್ಲಿ ನಡೆಯಬೇಕಂತೆ. ಊರಿನ ಈಜುಕೊಳಕ್ಕೆ ಹೋಗೋಣವೆಂದರೆ ಅವಳು ಒಪ್ಪಲಿಲ್ಲ.

“ನಾನು ಪಾಠ ಹೇಳಿದ ಹುಡುಗರೆಲ್ಲ ಅಲ್ಲಿಗೆ ಬರ್ತಾರೆ. ಅವರೆದುರಿಗೆ ಒದ್ದೆ ಚೂಡಿದಾರದಲ್ಲಿ ನಿಲ್ಲೋಕೆ ನನ್ನ ಕೈಲಾಗಲ್ಲ.”

“ಬೇಡ ಬಿಡು. ಮನೆ ಹಿಂದೇನೇ ಕಟ್ಟಿಸ್ತೀನಿ,” ಎಂದೆ.

ವಿದ್ಯಾನಗರದ ನಮ್ಮ ಮನೆಯ ಹಿಂದೆ ಎರಡು ದಾಸವಾಳ, ಒಂದು ಕರಿಬೇವು ಬಿಟ್ಟರೆ ಎಲ್ಲ ಖಾಲಿ ಜಾಗ. ಅಲ್ಲದೆ ನಾನು ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ನೀರಿನ ಟ್ಯಾಂಕುಗಳ ಉಸ್ತುವಾರಿ ನೋಡಿ ನಿವೃತ್ತನಾದವನು. ಈಜುಕೊಳವೆಂದರೆ ಮುಚ್ಚಳವಿಲ್ಲದ ಟ್ಯಾಂಕು, ಅಷ್ಟೇ ತಾನೆ?

ಜೊತೆಗೆ ಕೆಲಸ ಮಾಡಿದ್ದ ಮುರುಗೇಶನಿಗೆ ಫೋನು ಮಾಡಿದೆ. ಅವನು ಮರುದಿನವೇ ಭದ್ರಾವತಿಯಿಂದ ಬಸ್ಸು ಹತ್ತಿ ಬಂದ. ಹಿತ್ತಲಿನಲ್ಲಿ ನಿಂತು ಇಬ್ಬರೂ ಗಂಭೀರವಾಗಿ ಸಮಾಲೋಚಿಸಿದೆವು.

“ಎದೆಮಟ್ಟ ಅಂದಿದಾರೆ ಡಾಕ್ಟ್ರು,” ಎಂದೆ.

“ಅಣ್ಣಾ, ಅಷ್ಟೇ ಆಳ ಇದ್ರೆ ಅದನ್ನ ಪೂಲ್ ಅನ್ನಲ್ಲ, ತೊಟ್ಟಿ ಅಂತಾರೆ. ಕಟ್ಟೋದೇ ಆದ್ರೆ ಸರಿಯಾಗಿ ಕಟ್ಟೋಣ.”

ಅವನ ಮಾತು ನನಗೆ ನ್ಯಾಯವಾಗಿಯೇ ಕಂಡಿತು. ಮಣ್ಣು ಅಗೆಯುವ ಯಂತ್ರ ಗೇಟಿನಲ್ಲಿ ತೂರಲಿಲ್ಲವಾದ್ದರಿಂದ ಕಾಂಪೌಂಡು ಒಡೆಸಿದೆವು. ದಾಸವಾಳಗಳು ಹುತಾತ್ಮವಾದವು. ತೆಗೆದ ಮಣ್ಣನ್ನು ಹೊಸಮನೆ ಬಡಾವಣೆಯಲ್ಲಿ ಸೈಟು ಎತ್ತರಿಸುತ್ತಿದ್ದವರೊಬ್ಬರು ಸಂತೋಷದಿಂದ ಒಯ್ದರು. ಗೋಡೆ ಎದ್ದಿತು, ನೀಲಿ ಟೈಲ್ಸು ಬಂತು. ಒಂದು ಮೂಲೆಯಲ್ಲಿ ಮುರುಗೇಶ ಸ್ವತಃ ವೆಲ್ಡ್ ಮಾಡಿದ ಕಬ್ಬಿಣದ ಏಣಿ ನೆಟ್ಟಗೆ ನಿಂತಿತು. ಆನೆ ಹತ್ತಿದರೂ ಅಲುಗದ ಏಣಿ.

ನೀರು ತುಂಬಿದ ದಿನ ದುರ್ಗಿಗುಡಿಯಿಂದ ಗಿರಿಜೆಯ ಅಣ್ಣ, ಅತ್ತಿಗೆ ಬಂದರು. ಪಕ್ಕದ ಮನೆಯ ಶಾರದಮ್ಮ ಬಂದರು. ಗಿರಿಜೆ ಅರಿಶಿನ ಕುಂಕುಮ ಹಾಕಿ ಗಂಗೆಗೆ ಕೈಮುಗಿದಳು. ಆಮೇಲೆ ಏಣಿಯ ಹತ್ತಿರ ಹೋಗಿ ಕೆಳಗೆ ಬಗ್ಗಿ ನೋಡಿದಳು.

“ರೀ, ನಾನು ಇದ್ರಲ್ಲಿ ಇಳಿಯೋದು ಹೇಗೆ?”

“ಹಿಂದೆ ತಿರುಗಿ, ಒಂದೊಂದೇ ಕಾಲು…”

“ಮೆಟ್ಟಿಲು ಹತ್ತಿ ಇಳಿಯೋಕೆ ಆಗಲ್ಲ ಅಂತ ತಾನೇ ಇದೆಲ್ಲ ಮಾಡಿದ್ದು?”

ಮುರುಗೇಶ ಏಣಿಯ ಮೇಲಿನ ಬೆಸುಗೆಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸತೊಡಗಿದ. ಗಿರಿಜೆಯ ಅಣ್ಣ, “ನೀರು ಮಾತ್ರ ಚೆನ್ನಾಗಿದೆ ಭಾವ,” ಎಂದರು.

ಅಂದು ಗಿರಿಜೆ ಬೈಯಲಿಲ್ಲ. ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದಳು. ಬೈದಿದ್ದರೆ ಬಿಟ್ಟುಬಿಡುತ್ತಿದ್ದೆನೋ ಏನೋ. ಅವಳನ್ನು ನೀರಿಗೆ ಇಳಿಸಿಯೇ ತೀರುವೆನೆಂದು ನಿಶ್ಚಯಿಸಿದೆ.

ತಳ ಎತ್ತರಿಸಿ, ಅಗಲವಾದ ಇಳಿಜಾರು ಮಾಡಿ, ಹಿಡಿದುಕೊಳ್ಳಲು ಕಂಬಿ ಹಾಕುವುದೆಂದು ತೀರ್ಮಾನವಾಯಿತು. ಮೊದಲು ನೀರು ಖಾಲಿಯಾಗಬೇಕಲ್ಲ? ಪಂಪು ಹಚ್ಚಿ ಪೈಪನ್ನು ಚರಂಡಿಗೆ ಬಿಟ್ಟು ಮುರುಗೇಶನೂ ನಾನೂ ಕಾಫಿಗೆ ಕೂತೆವು. ಚರಂಡಿ ಎಲ್ಲೋ ಕಟ್ಟಿಕೊಂಡಿತ್ತು. ಸ್ವಲ್ಪ ಹೊತ್ತಿಗೆ ಶಾರದಮ್ಮ ಗೇಟಿನ ಬಳಿ ನಿಂತಿದ್ದರು, ಕೈಯಲ್ಲಿ ಒದ್ದೆ ಹಪ್ಪಳ.

“ಅಂಗಳದಲ್ಲಿ ಒಣಗೋಕೆ ಹಾಕಿದ್ದೆ ಮಾರಾಯ್ರೆ. ಈಗ ಎಲ್ಲ ತೇಲ್ತಾ ಇದಾವೆ. ನಿಮ್ಮ ಮನೇಲಿ ಈಜೋಕೆ ಕಲ್ತಿದ್ದು ಅವಷ್ಟೇ ಅನ್ಸುತ್ತೆ.”

ತಳ ತುಂಬಲು ಮಣ್ಣು ಬೇಕಾಯಿತು. ಹೊಸಮನೆಯವರ ಮುಂದೆ ಹೋಗಿ ನಿಂತು, ಕೊಟ್ಟ ಮಣ್ಣನ್ನು ವಾಪಸು ಕೇಳಿದೆ. ಅವರು ನನ್ನನ್ನು ಒಳಗೆ ಕರೆದು ಕೂರಿಸಿ, ಮೊದಲು ನೀರು ಕುಡಿಯಲು ಕೊಟ್ಟರು. ಮನೆಯಲ್ಲಿ ಎಲ್ಲ ಆರಾಮವೇ ಎಂದು ಮೆಲ್ಲಗೆ ವಿಚಾರಿಸಿದರು.

ಅಂತೂ ಈಜುಕೊಳ ಗಿರಿಜೆಯ ಎದೆಮಟ್ಟಕ್ಕೆ ಏರಿತು. ನಾವು ಒಂದು ಮದುವೆಗೆ ಹೋಗಿ ಬರುವಷ್ಟರಲ್ಲಿ ನೀರು ಪಾಲಕ್ ಸಾರಿನ ಬಣ್ಣಕ್ಕೆ ತಿರುಗಿ, ಕಪ್ಪೆಗಳು ಸಂಸಾರ ಹೂಡಿದ್ದವು. ಬ್ಲೀಚಿಂಗ್ ಪುಡಿ ತಂದೆ. ಪೊಟ್ಟಣದ ಮೇಲಿನ ಅಳತೆ ಕಪ್ಪೆಗಳ ಧೈರ್ಯಕ್ಕೆ ಸಾಲದೆನಿಸಿ ಪೂರ್ತಿ ಸುರಿದೆ. ನೀರು ಹರಳಿನಂತಾಯಿತು. ಪರೀಕ್ಷೆಗೆಂದು ನಾನೇ ಇಳಿದು ಮುಳುಗೆದ್ದೆ. ಹೊರಬರುವಾಗ ಕಣ್ಣು ಕೆಂಪು, ಕಪ್ಪು ಚಡ್ಡಿ ಬೂದಿ, ಬಣ್ಣ ಹಚ್ಚಿದ್ದ ಮೀಸೆ ಹಿತ್ತಾಳೆ.

“ಅಣ್ಣಾ, ಪಾಲಿಶ್ ಚೆನ್ನಾಗಿ ಬಂದಿದೆ,” ಎಂದ ಮುರುಗೇಶ.

ಮತ್ತೆ ಖಾಲಿ, ಮತ್ತೆ ಭರ್ತಿ. ಈ ಸಲ ಹೊಸದಾಗಿ ತಂದ ಪುಡಿಯ ಪೊಟ್ಟಣ ಗಿರಿಜೆಯ ಸುಪರ್ದಿಗೆ ಹೋಯಿತು.

ಕೊನೆಗೊಂದು ಬೆಳಿಗ್ಗೆ ಅವಳು ಕಂಬಿ ಹಿಡಿದು ಇಳಿದಳು. ಒಂದು ಸುತ್ತು ನಡೆದಳು. “ನೋವೇ ಗೊತ್ತಾಗ್ತಿಲ್ಲ ರೀ,” ಎಂದು ನನ್ನ ಕಡೆ ನೋಡಿದಳು. ನಾನು ಕಣ್ಣು ಒರೆಸಿಕೊಂಡೆ. ಬ್ಲೀಚಿಂಗ್ ಪುಡಿಯ ಘಾಟು ಎಂದು ಹೇಳಿದೆ.

ವಾರ ಕಳೆಯುವಷ್ಟರಲ್ಲಿ ಹಪ್ಪಳದ ಸಿಟ್ಟು ಮರೆತ ಶಾರದಮ್ಮ, ಅವರ ಹಿಂದೆ ಬೀದಿಯ ಇನ್ನೂ ನಾಲ್ಕೈದು ಮಂಡಿನೋವಿನ ಹೆಂಗಸರು ಬರತೊಡಗಿದರು. ಬೆಳಿಗ್ಗೆ ನನಗೆ ಹಿತ್ತಲಿಗೆ ಪ್ರವೇಶ ನಿಷಿದ್ಧವಾಯಿತು. ಎಲೆ ಬಾಚುವುದಕ್ಕೆ ಮಾತ್ರ ಸಂಜೆ ಕರೆ ಬರುತ್ತಿತ್ತು.

ಕಟ್ಟಿಸಿದವನಿಗೆ ಈಜಲು ಬಾರದೆಂದರೆ ಹೇಗೆ? ಒಂದು ಮಧ್ಯಾಹ್ನ ಯಾರೂ ಇಲ್ಲದ್ದನ್ನು ನೋಡಿ ಇಳಿದೆ. ಕೈ ಚಾಚಿ, ದೇವರನ್ನು ನೆನೆದು, ಮುಂದಕ್ಕೆ ಹಾರಿದೆ. ಮೂಗಿಗೆ, ಬಾಯಿಗೆ ನೀರು ನುಗ್ಗಿತು. ಆಕಾಶ ಯಾವ ಕಡೆಗಿದೆಯೆಂದು ತಿಳಿಯಲಿಲ್ಲ. ಕೈಕಾಲು ಬಡಿಯುತ್ತ, “ಗಿರಿಜಾ, ಹೋದೆ ಕಣೇ!” ಎಂದು ಕೂಗಿಕೊಂಡೆ.

ಅವಳು ಹಿತ್ತಲ ಮೆಟ್ಟಿಲನ್ನು ಗೋಡೆ ಹಿಡಿಯದೆ ಸರಸರ ಇಳಿದು ಬಂದಳು. ದಡದಲ್ಲಿ ನಿಂತು ಒಂದು ಕ್ಷಣ ನೋಡಿದಳು.

“ರೀ, ಎದ್ದು ನಿಂತ್ಕೊಳ್ಳಿ.”

ಎದ್ದು ನಿಂತೆ. ನೀರು ನನ್ನ ಎದೆಗೂ ಬರುತ್ತಿರಲಿಲ್ಲ.