ಒಂದು ರಿಯಾಲ್ ಕೊಡುವವನು

ಹೋಟೆಲಿನ ಊಟದ ರುಚಿಯನ್ನು ನಾನು ಯಾವತ್ತೂ ಕೊನೆಯ ತುತ್ತಿನವರೆಗೆ ಅನುಭವಿಸಿದವನಲ್ಲ. ಅರ್ಧ ತಟ್ಟೆ ಖಾಲಿಯಾಗುವಷ್ಟರಲ್ಲಿ ಟಿಪ್ಸಿನ ಚಿಂತೆ ಹತ್ತಿಕೊಳ್ಳುತ್ತದೆ. ಕಡಿಮೆ ಕೊಟ್ಟರೆ ಜಿಪುಣ, ಜಾಸ್ತಿ ಕೊಟ್ಟರೆ ಗಲ್ಫಿಗೆ ಹೊಸಬ, ಏನೂ ಕೊಡದಿದ್ದರೆ ಮುಂದಿನ ಸಲ ಸಾರಿನಲ್ಲಿ ಏನು ತೇಲುತ್ತದೋ ಎಂಬ ಭಯ. ಒಮಾನಿಗೆ ಬಂದ ಮೇಲೆ ಒಂದು ಸೂತ್ರ ಕಂಡುಕೊಂಡೆ. ನೂರು ಬೈಸದ ನೋಟನ್ನು, ಅಂದರೆ ರಿಯಾಲಿನ ಹತ್ತನೇ ಒಂದು ಪಾಲನ್ನು, ಸಾಸರಿನಡಿ ಸಿಕ್ಕಿಸಿ, ಮಾಣಿ ಅದನ್ನು ಎತ್ತಿ ನೋಡುವ ಮೊದಲೇ ಕಾರು ಸ್ಟಾರ್ಟ್ ಮಾಡಿಬಿಡುವುದು. "ಕದ್ದು ಓಡುವವರನ್ನು ನೋಡಿದ್ದೇನೆ, ಕೊಟ್ಟು ಓಡುವವರನ್ನು ನೋಡಿದ್ದು ನಿಮ್ಮನ್ನೇ ಮಾರಾಯ್ರೆ" ಎನ್ನುತ್ತಾಳೆ ನನ್ನ ಹೆಂಡತಿ ಸುಮತಿ. ಅವಳಿಗೆ ನನ್ನ ಟಿಪ್ಸು ಬಾಯಿಪಾಠ.

ಆ ಶುಕ್ರವಾರ (ಶನಿವಾರವೂ ಆಗಿರಬಹುದು, ನನ್ನ ನೆನಪು ಹಳೆಯ ಕಲೆಗಳನ್ನೆಲ್ಲ ಒರೆಸಿ ಮೇಜು ಹೊಸದೆಂದು ತೋರಿಸುವ ಜಾತಿಯದು) ಬರ್ಕಾದ ನಮ್ಮ ಮನೆಯಿಂದ ರುಸ್ತಾಕಿನ ಕೋಟೆ ನೋಡಲು ಹೋದೆವು. ಕೋಟೆ ಈಗ ನೆನಪಿಲ್ಲ. ನೆನಪಿರುವುದು ಮಾರ್ಕೆಟಿನ ಹಿಂದಿನ ಸಣ್ಣ ಹೋಟೆಲು. ಮಧ್ಯಾಹ್ನದ ಬಿಸಿಲಿಗೆ ಅಂಗಡಿಗಳೆಲ್ಲ ಶಟರ್ ಎಳೆದುಕೊಂಡಿದ್ದವು, ರಸ್ತೆಯಲ್ಲಿ ನಮ್ಮದಲ್ಲದೆ ಇನ್ನೊಂದು ನೆರಳಿರಲಿಲ್ಲ. ಬಾಗಿಲು ತಳ್ಳಿದ್ದೇ ತಡ, ಮಾಣಿ ಎದ್ದು ಬಂದ.

"ಬನ್ನಿ ಸಾರ್! ಭಾರಿ ದಿವಸ ಆಯ್ತಲ್ಲ?"

ಬಂಟ್ವಾಳದವನಂತೆ, ಹೆಸರು ಹಮೀದ್. ಪರವೂರಿನಲ್ಲಿ ಕನ್ನಡ ಕೇಳಿ ಖುಷಿಯಾಯಿತು. ನಾವಿನ್ನೂ ಬಾಯಿಯೇ ತೆರೆದಿರಲಿಲ್ಲ ಎಂಬುದು ಕುಳಿತ ಮೇಲೆ ಹೊಳೆಯಿತು.

ಏನೂ ಹೇಳದೆಯೇ ನನಗೆ ಸಕ್ಕರೆಯಿಲ್ಲದ ಚಾ ಬಂತು. ಜೊತೆಗೆ ಬಿಸಿನೀರಿನ ಲೋಟ, ಅದರೊಳಗೆ ಮುಳುಗಿಸಿಟ್ಟ ಚಮಚ. ಬಿಸಿನೀರಿನಲ್ಲಿ ಅದ್ದದ ಚಮಚವನ್ನು ನಾನು ಬಾಯಿಗಿಡುವುದಿಲ್ಲ. ಈ ರೋಗ ಸುಮತಿಗಲ್ಲದೆ ಲೋಕದಲ್ಲಿ ಯಾರಿಗೂ ತಿಳಿಯದು. ಅವಳು ನನ್ನ ಪಕ್ಕದಲ್ಲಿದ್ದಳು. ಅವಳಿಗೆ ಪರೋಟ, ಒಂದು ಚಾ ಇಟ್ಟ ಹಮೀದ್, ಇನ್ನೊಂದನ್ನು ಎದುರಿನ ಖಾಲಿ ಕುರ್ಚಿಯ ಮುಂದಿಟ್ಟ.

"ಇದು ಯಾರಿಗೆ?" ಎಂದಳು ಸುಮತಿ.

"ಸಾರ್ ಯಾವಾಗಲೂ ಹೇಳುದಲ್ವಾ ಅಕ್ಕ. ಬರುದು ಒಬ್ಬರೇ, ಚಾ ಎರಡು. ಎದುರಿಂದನ್ನು ಯಾರೂ ಕುಡಿಯುದಿಲ್ಲ."

"ನಾನು ಈ ಊರಿಗೆ ಬರುತ್ತಿರುವುದೇ ಮೊದಲ ಸಲ" ಎಂದೆ. "ಸಾರಿನ ತಮಾಷೆ" ಎಂದು ಹಮೀದ್ ನಕ್ಕ.

ಸುಮತಿ ಪರೋಟ ಹರಿಯುವುದನ್ನು ನಿಲ್ಲಿಸಿದಳು. "ಶುಕ್ರವಾರ ಕಾರು ತೊಳೆಸ್ಲಿಕ್ಕೆ ಅಂತ ಹೋದವರು ಊಟದ ಹೊತ್ತು ಕಳೆದು ಬರುದು ಎಂತಕ್ಕೆ ಅಂತ ನಾನೂ ನೋಡ್ತಾ ಇದ್ದೆ."

"ಕ್ಯೂ ಇರ್ತದೆ ಮಾರಾಯ್ತಿ."

ಇರುತ್ತಿತ್ತೇ? ಆ ಕ್ಯೂವನ್ನು ನೆನೆಸಿಕೊಳ್ಳಲು ಹೋದರೆ ಕಣ್ಣಿಗೆ ಬಂದದ್ದು ಈ ಹೋಟೆಲಿನದೇ ಹಸಿರು ಗೋಡೆ. ಆಗಷ್ಟೇ ನೋಡಿದ ಗೋಡೆ ಹಳೆಯ ನೆನಪಿನೊಳಗೆ ನುಗ್ಗಿರಬಹುದು. ಹಾಗೆಂದು ಸಮಾಧಾನ ಮಾಡಿಕೊಂಡೆ. ಬೆವರು ಮಾತ್ರ ಎ.ಸಿ.ಗೂ ನಿಲ್ಲಲಿಲ್ಲ.

ನನ್ನನ್ನು ಉಳಿಸಿದವನು ಹಮೀದನೇ. "ಸಾರ್ ದೊಡ್ಡ ಮನಸ್ಸು ಅಕ್ಕ. ಹೋಗುವಾಗ ಒಂದು ರಿಯಾಲ್ ಟಿಪ್ಸ್ ಇಟ್ಟೇ ಹೋಗುದು."

"ಒಂದು ರಿಯಾಲಾ?" ಸುಮತಿಯ ಮುಖ ಅರಳಿತು. "ಹಾಗಾದರೆ ಇವರಲ್ಲ. ಸತ್ಯವಾಗಿ ಇವರಲ್ಲ. ಬೇರೆ ಯಾರೋ!"

ಗಂಡಸಿನ ಶೀಲ ಜಿಪುಣತನದಿಂದ ಸಾಬೀತಾದದ್ದು ಅದೇ ಮೊದಲಿರಬೇಕು. ಆದರೆ ಬಿಲ್ಲು ಬಂದಾಗ ನನ್ನ ಪರ್ಸಿನ ಮೇಲೆ ಇಬ್ಬರ ಕಣ್ಣೂ ನೆಟ್ಟಿದ್ದವು. ರಿಯಾಲ್ ಇಟ್ಟರೆ ಹೆಂಡತಿಯ ಎದುರು ನಾನು ಆ ಇನ್ನೊಬ್ಬನೇ ಆಗಿಬಿಡುತ್ತೇನೆ. ಇಡದಿದ್ದರೆ ಹಮೀದನ ಕಣ್ಣಲ್ಲಿ ಆ ಇನ್ನೊಬ್ಬ ಸಣ್ಣವನಾಗುತ್ತಾನೆ. ಸಂಸಾರಸ್ಥ ನಾನು, ನೂರು ಬೈಸ ಇಟ್ಟೆ. ಆಗಲೇ ಗಮನಿಸಿದ್ದು, ಎದುರಿನ ಲೋಟ ಖಾಲಿಯಾಗಿತ್ತು. ನಾನೇ ಕುಡಿದೆನೆಂದು ಸುಮತಿ ಇವತ್ತಿಗೂ ಹೇಳುತ್ತಾಳೆ.

ಹಮೀದ್ ಸಿಟ್ಟಾಗಲಿಲ್ಲ. ಹತ್ತಿರ ಬಂದು ಮೆತ್ತಗೆ, "ಕೆಲಸ ಉಂಟಲ್ಲ ಸಾರ್? ಕಂಪೆನಿ ಖಲಾಸಾ?" ಎಂದ. ಆ ನೋಟನ್ನು ನನ್ನ ಅಂಗಿಯ ಜೇಬಿಗೇ ತುರುಕಿದ. "ಇಟ್ಕೊಳ್ಳಿ. ಎಲ್ಲರಿಗೂ ಒಂದೊಂದು ಸಲ ಹೀಗಾಗ್ತದೆ."

ಆಮೇಲೆ ನನ್ನನ್ನು ಕಾಡಿದ್ದು ಆ ಇನ್ನೊಬ್ಬನ ಗತಿ. ಪಾಪ, ಏನೂ ತಿಳಿಯದೆ ಬಂದು ಕೂರುತ್ತಾನೆ. ಹಮೀದ್ ಅವನನ್ನು ಕನಿಕರದಿಂದ ನೋಡುತ್ತಾನೆ. ಅವನ ಮರ್ಯಾದೆ ಕಳೆದವನು ನಾನು, ತುಂಬಿಕೊಡಬೇಕಾದವನೂ ನಾನೇ. ಮುಂದಿನ ಶುಕ್ರವಾರ "ಕಾರು ತೊಳೆಸಿಕೊಂಡು ಬರ್ತೇನೆ" ಎಂದು ಹೊರಟು ಸೀದಾ ರುಸ್ತಾಕಿಗೆ ಹೋದೆ. ಅದೇ ಮೇಜು. ಅವನೂ ಬರಬಹುದು. ಬಂದರೆ ಬರಿ ಮೇಜಿಗೆ ಕೂರಿಸುವುದು ಸರಿಯಲ್ಲ ಅನ್ನಿಸಿ ಎದುರಿನ ಕುರ್ಚಿಗೂ ಒಂದು ಚಾ ಹೇಳಿದೆ. ಯಾರೂ ಬರಲಿಲ್ಲ. ಚಾದ ಮೇಲೆ ನಿಧಾನವಾಗಿ ಕೆನೆ ಕಟ್ಟಿತು. ಒಂದು ರಿಯಾಲ್ ಇಟ್ಟು, ಜೀವನದಲ್ಲಿ ಮೊದಲ ಬಾರಿ ಓಡದೆ ನಡೆದು ಬಾಗಿಲಿಗೆ ಬಂದೆ.

"ಅಲ್ಹಂದುಲಿಲ್ಲಾ" ಎಂದ ಹಮೀದ್. "ಈಗ ಮೊದಲಿನ ಹಾಗೇ ಆದ್ರಿ ಸಾರ್."

ಮನೆಗೆ ಬಂದಾಗ ಊಟದ ಹೊತ್ತು ಕಳೆದಿತ್ತು. "ಕ್ಯೂ ಇತ್ತು" ಎಂದೆ. ಸುಮತಿಗೆ ಅನುಮಾನವಿಲ್ಲ, ರಿಯಾಲ್ ಕೊಡುವ ಮನುಷ್ಯ ನಾನಲ್ಲವೆಂದು ಅವಳೇ ತೀರ್ಪು ಕೊಟ್ಟಾಗಿದೆ. ನನಗೂ ಇಲ್ಲ. ಆದರೆ ಶುಕ್ರವಾರ ಶುಕ್ರವಾರ ಇಷ್ಟು ವರ್ಷ ತೊಳೆಸಿಯೂ ನಮ್ಮ ಕಾರು ಮಾತ್ರ ಯಾಕೋ ಕೊಳೆಯಾಗಿಯೇ ಇದೆ.