ಪಾಚಿಗೇನು ಕೆಲಸ!

“ಇವತ್ತಿನಿಂದ ಹಿತ್ತಲಿನ ಪಾಚಿ ನನ್ನ ಜವಾಬ್ದಾರಿ!” ರೈಲ್ವೆಯಿಂದ ನಿವೃತ್ತನಾದ ಹೊಸೋಡಾ ಕಂಜಿ ಬೆಳಗಿನ ಮಿಸೊ ಸಾರು ಹೀರುತ್ತಲೇ ಘೋಷಿಸಿದ.

ಹೆಂಡತಿ ತೋಕಿಯೆ ಸೌಟನ್ನು ಹಾಗೇ ಕೆಳಗಿಟ್ಟಳು. ಮೂವತ್ತು ವರ್ಷ ಚಹಾ ವಿದ್ಯೆ ಕಲಿಸಿದ ಗುರು ಒಕುಮುರಾ ಅಮ್ಮ, ಮೊದಲ ಸಲ ಅವಳ ಕೈಯ ಚಹಾಕ್ಕೆಂದು ಅಂದೇ ಎರಡು ಗಂಟೆಗೆ ಬರುವವರಿದ್ದರು. ಅತಿಥಿಗಳ ಕಣ್ಣು ಮೊದಲು ಬೀಳುವುದೇ ಆ ಪಾಚಿಯ ಮೇಲೆ.

“ಬೇಡ ರೀ, ಅದರ ಮೇಲೆ ಉದುರಿರೋ ಎಲೆ ನಾನೇ ಆರಿಸ್ತೀನಿ.”

“ಅದರಲ್ಲೇನೇ ಕೆಲಸ? ಅಂಚಿನಲ್ಲಿರೋ ಹಿಗಾನ್‌ಬಾನಾ ಹೂವಿನ ಗಿಡ ನೋಡು. ಗೆಡ್ಡೆಯೊಳಗೆ ವರ್ಷವಿಡೀ ತಯಾರಿ ಮಾಡ್ಕೊಂಡು, ಹಿರಿಯರ ಸಮಾಧಿಗೆ ಹೋಗೋ ಈ ವಾರಕ್ಕೆ ಸರಿಯಾಗಿ ಕೆಂಪಗೆ ಅರಳುತ್ತೆ. ರೈಲಿಗಿಂತ ಕರಾರುವಾಕ್ಕು! ಪಾಚಿ? ಹೂವಿಲ್ಲ, ಗೆಡ್ಡೆಯಿಲ್ಲ, ಸುಮ್ನೆ ಬಿದ್ಕೊಂಡಿರುತ್ತೆ.”

“ಸುಮ್ನೆ ಬಿದ್ಕೊಂಡಿರೋ ಹಾಗೆ ಕಾಣ್ಬೇಕಂದ್ರೆ ಎಷ್ಟು ಕೆಲಸ ಗೊತ್ತಾ?”

ಅವಳು ಸಿಹಿ ತರಲು ಹೋದದ್ದೇ ತಡ, ಕಂಜಿ ಪಕ್ಕದ ಮನೆಯಿಂದ ಎಲೆ ಊದುವ ಯಂತ್ರ ತಂದ. ಬುರ್ರ್‌ರ್! ಹಿಗಾನ್‌ಬಾನಾ ಒಮ್ಮೆ ಬಾಗಿ, ಮತ್ತೆ ಸೆಟೆದು ನಿಂತಿತು. ಎಲೆಗಳು ಹಾರಿದವು. ಅವುಗಳ ಬೆನ್ನಿಗೇ ಪಾಚಿಯೂ ಹೊರಟಿತು! ನೆಲವನ್ನು ಗಟ್ಟಿಯಾಗಿ ಹಿಡಿಯಲು ಬೇರಿಲ್ಲದ ಜೀವ. ಚಾಪೆಯಂತೆ ಸುರುಳಿ ಸುತ್ತಿಕೊಂಡಿತು. ಒಂದು ತುಂಡು ಕಲ್ಲುದೀಪದ ತಲೆಗೆ ಟೋಪಿಯಾಯಿತು, ಇನ್ನೊಂದು ಪಕ್ಕದವರು ಬಿಸಿಲಿಗೆ ಹಾಕಿದ್ದ ಹಾಸಿಗೆಯೇರಿ ಮಲಗಿತು!

ಮರಳಿ ಬಂದ ತೋಕಿಯೆ ಕೂಗಾಡಲಿಲ್ಲ. ಕಂಜಿಗೆ ಇನ್ನಷ್ಟು ಭಯವಾಯಿತು.

“ಕೂತ್ಕೊಳ್ಳಿ.”

“ಎಲ್ಲಿ?”

“ಮಣ್ಣಲ್ಲಿ. ಮಂಡಿಯೂರಿ. ಒಂದೊಂದೇ ತುಂಡು ಇಟ್ಟು, ನೀರು ಚಿಮುಕಿಸಿ, ಅಂಗೈಯಲ್ಲಿ ಒತ್ತಿ. ಅಯ್ಯೋ, ತಲೆಕೆಳಗಾಗಿಟ್ರಿ!”

ಮೂಗು ನೆಲಕ್ಕೆ ತಾಗುವಷ್ಟು ಬಾಗಿದ ಮೇಲೆಯೇ ಕಂಜಿಗೆ ಪಾಚಿ ಕಂಡದ್ದು. ಒಂದೊಂದು ಕುಡಿಯೂ ಬೆರಳುದ್ದದ ದೇವದಾರು ಮರ! ಅಂಗೈಯಗಲದಲ್ಲಿ ಒಂದು ಇಡೀ ಕಾಡು! ಒಣದಾರದಂತೆ ಮುದುಡಿದ್ದದ್ದು ಹನಿ ಬಿದ್ದೊಡನೆ ಮೆಲ್ಲಗೆ ನಕ್ಷತ್ರದಂತೆ ಬಿಚ್ಚಿಕೊಂಡಿತು.

“ಎಲಾ! ಬಾರೇ ಇಲ್ಲಿ, ಎಲೆ ಬಿಚ್ಚಿತು!”

“ದಿನಾ ಬಿಚ್ಚುತ್ತೆ ರೀ. ಕೈ ನಿಲ್ಲಿಸ್ಬೇಡಿ,” ಪಕ್ಕದಲ್ಲೇ ತುಂಡು ಜೋಡಿಸುತ್ತಿದ್ದ ತೋಕಿಯೆ ಅಂದಳು.

ಕೊನೆಯ ತುಂಡನ್ನು ಒತ್ತುವ ಹೊತ್ತಿಗೆ ಸರಿಯಾಗಿ ಒಕುಮುರಾ ಅಮ್ಮ ಹಿತ್ತಲಿಗೆ ಬಂದೇಬಿಟ್ಟರು.

“ಆಹಾ, ಎಂಥ ಪಾಚಿ! ಗಂಡಸರೊಬ್ಬರು ಮಂಡಿಯೂರಿ ಇಷ್ಟು ಮುತುವರ್ಜಿ ವಹಿಸೋದೇ! ಎಷ್ಟು ವರ್ಷದ ತಪಸ್ಸು, ಹೊಸೋಡಾ ಸಾನ್?”

ಕಂಜಿ ಎದೆಯುಬ್ಬಿಸಲು ನೋಡಿದ. ಬಾಗಿಲಲ್ಲಿ ತೋಕಿಯೆ, ಮಣ್ಣು ಮೆತ್ತಿದ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದಳು.

“ಇಪ್ಪತ್ತೆರಡು ವರ್ಷದ್ದು, ಅಮ್ಮ. ಅವಳದ್ದು. ನಂದು ಬೆಳಗ್ಗೆ ಹತ್ತರಿಂದ. ದಯವಿಟ್ಟು ಯಾರಾದ್ರೂ ಕೈ ಕೊಡಿ, ಮಂಡಿ ಹಿಡ್ಕೊಂಡ್ಬಿಟ್ಟಿದೆ, ಏಳೋಕಾಗ್ತಿಲ್ಲ!”